ಗೇಣುದ್ದದ ಮಿಂಚು

ಯುಗಾದಿ ಕಳೆದು ಎರಡನೆಯ ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಯಶವಂತಪುರದ ನಮ್ಮ ಮನೆಯ ನಡುಮನೆಯಲ್ಲಿ ಇದ್ದವರು ಅಪ್ಪ, ನಾನು ಮತ್ತು ಬೆಳಿಗ್ಗೆ ಕೋಗಿಲು ಹಳ್ಳಿಯಿಂದ ಸೈಕಲ್ ತುಳಿದುಕೊಂಡು ಬಂದಿದ್ದ ನಂಜಪ್ಪಮಾವ, ಅಂದರೆ ಅಮ್ಮನ ತಮ್ಮ. ಅಮ್ಮ ಅಡುಗೆಮನೆಯಲ್ಲಿ, ಬಾಗಿಲನ್ನು ಅರ್ಧ ಮುಂದಕ್ಕೆಳೆದುಕೊಂಡು ಕೂತಿದ್ದಳು. ನನ್ನ ಅಣ್ಣ ಶ್ರೀಧರ ತೀರಿಕೊಂಡು ಐದು ತಿಂಗಳಾಗಿತ್ತು. ಅವನು ಕೈಯಾರೆ ಮಾಡಿಟ್ಟು ಹೋಗಿದ್ದ ಮಿಂಚಿನ ಯಂತ್ರ ನಡುಮನೆಯ ಮೂಲೆಯಲ್ಲಿ ನಿಂತಿತ್ತು. ಕತ್ತಲಾಗುವುದರೊಳಗೆ ಅದು ಅವನ ಕಾಲದ ಹಾಗೆ ಮಿಂಚದಿದ್ದರೆ ಬಿಚ್ಚಿ ಗುಜರಿಗೆ ಹಾಕಿಬಿಡುವುದು ಎಂದು ಊಟದ ಹೊತ್ತಿನಲ್ಲಿ ತೀರ್ಮಾನವಾಗಿತ್ತು.

ನಮ್ಮದು ಗಂಟೆ ನೋಡಿ ನಡೆಯುವ ಮನೆ. ಅಪ್ಪ ಒಂದು ಕಾರ್ಖಾನೆಯಲ್ಲಿ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸದಲ್ಲಿದ್ದರು. ಮೊದಲ ಸೈರನ್ನಿಗೆ ಮುಂಚೆ ಏಳುವುದು, ಎರಡನೆಯದಕ್ಕೆ ಸೈಕಲ್ ಹತ್ತುವುದು ಅವರ ಕ್ರಮ. ಮಕ್ಕಳಿಗೂ ಅದೇ ಸೈರನ್. ಹಲ್ಲುಜ್ಜುವುದಕ್ಕೆ, ಹಾಸಿಗೆ ಸುತ್ತುವುದಕ್ಕೆ, ಮಗ್ಗಿ ಒಪ್ಪಿಸುವುದಕ್ಕೆ ಎಲ್ಲಕ್ಕೂ ಹೊತ್ತು ಗೊತ್ತಿತ್ತು. ತೆಗೆದ ಸಾಮಾನನ್ನು ತೆಗೆದವರೇ ಅದರ ಜಾಗಕ್ಕೆ ಇಡಬೇಕು. ಊಟಕ್ಕೆ ಕೂರುವುದಕ್ಕೂ ಸಾಲಿತ್ತು: ಗೋಡೆಯ ಕಡೆಗೆ ಅಪ್ಪ, ಪಕ್ಕದಲ್ಲಿ ಅಣ್ಣ, ಆಮೇಲೆ ನಾನು. ಅಣ್ಣ ಹೋದ ಮೇಲೂ ನಾವು ಸರಿದು ಕೂರಲಿಲ್ಲ. ಅಪ್ಪನಿಗೂ ನನಗೂ ನಡುವೆ ಒಂದು ತಟ್ಟೆಯಷ್ಟು ನೆಲ ಖಾಲಿ ಉಳಿಯಿತು. ಅಮ್ಮ ಬಡಿಸುತ್ತಾ ಬರುವಾಗ ಆ ಜಾಗದ ಮೇಲೆ ಸೌಟು ಒಂದು ಗಳಿಗೆ ನಿಲ್ಲುತ್ತಿತ್ತು, ಆಮೇಲೆ ನನ್ನ ಕಡೆ ಬರುತ್ತಿತ್ತು.  ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿತ್ತು: ಮುಂದೆ ಜಗಲಿ, ಆಮೇಲೆ ನಡುಮನೆ, ಅಡುಗೆಮನೆ, ಹಿಂದೆ ಬಚ್ಚಲು. ಅಡುಗೆಮನೆಯ ಪಕ್ಕದ ಬಾಗಿಲು ತೆಗೆದರೆ ಒಂದು ಓಣಿ, ಇಬ್ಬರು ಎದುರುಬದುರಾಗಿ ದಾಟಲಾಗದಷ್ಟು ಕಿರಿದು, ಮೇಲೆ ಸೂರಿನ ಅಂಚು. ಅಲ್ಲಿ ಅಮ್ಮನ ತುಳಸಿಕಟ್ಟೆ. ಅದು ಅಮ್ಮನ ಜಾಗ. ಅಪ್ಪ ಆ ಕಡೆ ಕಾಲಿಡುತ್ತಿದ್ದದ್ದು ವರ್ಷಕ್ಕೊಮ್ಮೆ, ಗೋಡೆಗೆ ಸುಣ್ಣ ಬಳಿಯುವಾಗ ಮಾತ್ರ.

ಯಂತ್ರದ ಹೆಸರು ಟೆಸ್ಲಾ ಕಾಯಿಲ್. ಶಾಲೆಯ ವಿಜ್ಞಾನದ ಮೇಷ್ಟ್ರ ಹತ್ತಿರವಿದ್ದ ಪುಸ್ತಕದಲ್ಲಿ ಚಿತ್ರ ನೋಡಿ ಅಣ್ಣ ಅದಕ್ಕೆ ಕೈ ಹಾಕಿದ್ದ. ಅಮ್ಮನ ಬಾಯಲ್ಲಿ ಅದು 'ಸೀದರನ ಮಿಂಚು'. ಬಟ್ಟೆ ಅಂಗಡಿಯವರು ಬಿಸಾಡಿದ ರಟ್ಟಿನ ಕೊಳವೆ, ಅದರ ಮೈತುಂಬ ಕೂದಲಿನಷ್ಟು ಸಣ್ಣ ತಾಮ್ರದ ತಂತಿ, ಒಂದು ಸುತ್ತು ಇನ್ನೊಂದರ ಮೇಲೆ ಹತ್ತದಂತೆ ಒತ್ತೊತ್ತಾಗಿ. ಕೊಳವೆಯ ಬುಡದಲ್ಲಿ, ಮರದ ಗೂಟಗಳ ಮೇಲೆ, ದಪ್ಪ ತಾಮ್ರದ ಕೆಲವೇ ಸುತ್ತು. ಅದರ ಯಾವ ಸುತ್ತಿಗೆ ಕ್ಲಿಪ್ಪು ಕಚ್ಚಿಸುತ್ತೇವೋ ಅದರ ಮೇಲೆ ಮಿಂಚು ಹೆಚ್ಚು ಕಡಿಮೆಯಾಗುತ್ತಿತ್ತು. ಪಕ್ಕದಲ್ಲಿ, ಸಿನಿಮಾ ಟಾಕೀಸಿನ ಹೆಸರು ಬೆಳಗುವ ದೀಪಕ್ಕೆ ಹಾಕುವಂಥ ಹಳೆಯ ಟ್ರಾನ್ಸ್‌ಫಾರ್ಮರ್, ಗುಜರಿಯಲ್ಲಿ ಸಿಕ್ಕಿದ್ದು. ಕರೆಂಟನ್ನು ಕೂಡಿಟ್ಟುಕೊಳ್ಳಲು ಉಪ್ಪುನೀರು ತುಂಬಿದ ಔಷಧಿ ಬಾಟಲಿಗಳ ಸಾಲು. ಎದುರುಬದುರು ನಿಂತ ಎರಡು ಹಿತ್ತಾಳೆ ಬೋಲ್ಟು. ಅವುಗಳ ನಡುವಿನ ಸಂದಿಯಲ್ಲಿ ಕಿಡಿ ಹಾರಿದರೆ ಯಂತ್ರಕ್ಕೆ ಜೀವ ಬಂತೆಂದು ಲೆಕ್ಕ. ಕೊಳವೆಯ ತುದಿಗೆ ಹಳೆಯ ಮಂಚದಿಂದ ಕಳಚಿದ ಹಿತ್ತಾಳೆ ಗುಂಡು. ಆ ಗುಂಡಿನಿಂದ ನೇರಳೆ ಬಣ್ಣದ ಮಿಂಚು, ಒಂದು ಗೇಣುದ್ದ, ಗಾಳಿಯಲ್ಲಿ ಬೇರು ಬಿಟ್ಟ ಹಾಗೆ ಕವಲೊಡೆಯುತ್ತಿತ್ತು. ಕೆಟ್ಟುಹೋದ ಟ್ಯೂಬ್‌ಲೈಟನ್ನು ಕೈಯಲ್ಲಿ ಹಿಡಿದು ಒಂದು ಮಾರು ದೂರ ನಿಂತರೆ ಅದಕ್ಕೆ ತಂತಿಯೂ ಇಲ್ಲದೆ, ಸ್ವಿಚ್ಚೂ ಇಲ್ಲದೆ ಬೆಳಕು ಬರುತ್ತಿತ್ತು. ಮನೆಯ ತುಂಬ ಸಿಡಿಲು ಬಿದ್ದ ಮೇಲಿನ ವಾಸನೆ. ಇನ್ನು ಕೊಳವೆಯ ಕೆಳತುದಿಯಿಂದ ಒಂದು ತಂತಿ ಹೊರಟು, ಅಡುಗೆಮನೆಯ ಗೋಡೆಯ ತೂತಿನಲ್ಲಿ ಓಣಿಗೆ ಇಳಿದು, ತುಳಸಿಕಟ್ಟೆಯ ಮಣ್ಣಿನಲ್ಲಿ ಅಣ್ಣ ಆಳಕ್ಕೆ ಬಡಿದಿದ್ದ ಕಬ್ಬಿಣದ ಪೈಪಿಗೆ ಸೇರುತ್ತಿತ್ತು. ಅದು ಯಂತ್ರದ ಅರ್ಥಿಂಗ್. ಅಪ್ಪ ಇಟ್ಟಿದ್ದ ಕಟ್ಟುನಿಟ್ಟು ಒಂದೇ: ಯಂತ್ರವನ್ನು ಮುಟ್ಟುವ ಮುಂಚೆ ಫ್ಯೂಸ್ ಕೀಳಬೇಕು, ಕಿತ್ತ ಫ್ಯೂಸು ಯಾರಾದರೊಬ್ಬರ ಮುಷ್ಟಿಯಲ್ಲಿರಬೇಕು.

ಅಣ್ಣನನ್ನು ಕೊಂಡೊಯ್ದದ್ದು ಟೈಫಾಯ್ಡ್. ಯಂತ್ರಕ್ಕೂ ಜ್ವರಕ್ಕೂ ಸಂಬಂಧವಿರಲಿಲ್ಲ, ಬೀದಿಯವರು ಸಂಬಂಧ ಹಚ್ಚಿದರು. ಜ್ವರ ಏರುತ್ತಿದ್ದಷ್ಟು ದಿನವೂ ಅಮ್ಮ ಬೆಳಗಿನ ಚಳಿಯಲ್ಲಿ ಒದ್ದೆ ಸೀರೆಯಲ್ಲೇ ತುಳಸಿಯ ಮುಂದೆ ನಿಂತಳು. ಓಣಿ ಕಿರಿದಾದ್ದರಿಂದ ಕಟ್ಟೆಯನ್ನು ಸುತ್ತಲು ಆಗುತ್ತಿರಲಿಲ್ಲ. ನಿಂತಲ್ಲೇ ತಾನೇ ಸುತ್ತುತ್ತಿದ್ದಳು, ಸುತ್ತಿ ಸುತ್ತಿ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಅಣ್ಣ ಹೋದ. ಸೂತಕ ಕಳೆದ ದಿನ ಅಮ್ಮ ತಲೆಗೆ ಸ್ನಾನ ಮಾಡಿ ಬಂದು ಓಣಿಯ ಬಾಗಿಲಿಗೆ ಅಗುಳಿ ಹಾಕಿದಳು. ಮತ್ತೆ ತೆಗೆಯಲಿಲ್ಲ. ದೇವರ ಗೂಡಿನ ದೀಪವನ್ನು ಅಪ್ಪ ತಾವೇ ಹಚ್ಚತೊಡಗಿದರು, ಕಾರ್ಖಾನೆಗೆ ಹೋಗುವ ಮುಂಚೆ, ನಿಂತುಕೊಂಡೇ. ಅಮ್ಮನ ಕೈ ಯಾಕೆ ಆ ಕಡೆ ಹೋಗುವುದಿಲ್ಲ ಎಂದು ಅವರು ಕೇಳಲಿಲ್ಲ. ಓಣಿಯ ಬಾಗಿಲಿನ ವಿಷಯ ಅವರಿಗೆ ತಿಳಿದಿರಲೂ ಇಲ್ಲ.

ಅಪ್ಪನ ದುಃಖ ಯಂತ್ರದ ಕಡೆ ಹೋಯಿತು. ಮಗ ಬಿಟ್ಟ ಕೆಲಸವನ್ನು ಇನ್ನಷ್ಟು ಚೆನ್ನಾಗಿ ಮಾಡುತ್ತೇನೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಪ್ರತಿ ಭಾನುವಾರ ಮೂರು ಗಂಟೆಗೆ ಅಂಗಿಯ ತೋಳು ಮಡಚಿ ಅದರ ಮುಂದೆ ಕೂರುತ್ತಿದ್ದರು. ಅಣ್ಣ ಸುತ್ತಿದ್ದ ತಂತಿಯಲ್ಲಿ ಅಲ್ಲಲ್ಲಿ ಸಂದಿ ಬಿಟ್ಟಿತ್ತು. ಅಪ್ಪ ಅದನ್ನೆಲ್ಲ ಬಿಚ್ಚಿ, ನಾನು ಕೊಳವೆ ತಿರುಗಿಸುತ್ತಿದ್ದರೆ ತಾವು ಉಗುರಿನಲ್ಲಿ ಒತ್ತುತ್ತಾ ಹೊಸದಾಗಿ ಸುತ್ತಿದರು. ಮೇಲೆ ಅರಗಿನ ವಾರ್ನಿಶ್ ಬಳಿದು ಬಿಸಿಲಿಗಿಟ್ಟು ಒಣಗಿಸಿದರು, ಒಣಗಿದ ಮೇಲೆ ಇನ್ನೊಂದು ಪದರ. ಬಾಟಲಿಗಳ ನೀರು ಬದಲಾಯಿಸಿ ಮೇಲೆ ಒಂದಿಷ್ಟು ಎಣ್ಣೆ ಹಾಕಿದರು. ಸೊಟ್ಟಗಿದ್ದ ಬೋಲ್ಟನ್ನು ನೇರ ಮಾಡಿ, ತುದಿಗಳನ್ನು ಅರದಲ್ಲಿ ಉಜ್ಜಿದರು. ಕ್ಲಿಪ್ಪನ್ನು ಸುತ್ತಿನಿಂದ ಸುತ್ತಿಗೆ ಸರಿಸಿ ನೋಡಿದರು. ಇಷ್ಟೆಲ್ಲ ಮಾಡಿದ ಮೇಲೆ ಮಿಂಚು ಗೇಣು ದಾಟಬೇಕಾಗಿತ್ತು. ಅದು ವಾರದಿಂದ ವಾರಕ್ಕೆ ಚಿಕ್ಕದಾಯಿತು. ಮಾಗಿ ಮುಗಿಯುವ ಹೊತ್ತಿಗೆ ನಾಲ್ಕು ಬೆರಳು, ಯುಗಾದಿಯ ಹೊತ್ತಿಗೆ ಎರಡು. ಅಪ್ಪ ಯಾರ ಮೇಲೋ ಸಿಟ್ಟು ಮಾಡುವವರ ಹಾಗೆ ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು. ದಿನವೆಲ್ಲ ತಂತಿ ಸುತ್ತಿ ಸಂಬಳ ತರುವ ಮನುಷ್ಯ, ಹೈಸ್ಕೂಲು ಹುಡುಗ ಸುತ್ತಿದ ಕಾಯಿಲನ್ನು ಕೆಡಿಸಿಬಿಟ್ಟೆನಲ್ಲ ಅನ್ನುವುದು ಅವರನ್ನು ತಿನ್ನುತ್ತಿತ್ತು.

ಅಮ್ಮ ಯಂತ್ರ ನಡೆಯುವಾಗ ನಡುಮನೆಗೆ ಬರುತ್ತಿರಲಿಲ್ಲ. ಅಣ್ಣನಿದ್ದಾಗಲೂ ಬಂದವಳಲ್ಲ, ಹೆದರಿಕೆ. ಆದರೆ ಬೋಲ್ಟುಗಳ ನಡುವೆ ಕಿಡಿ ಹಾರಿದೊಡನೆ ಅಡುಗೆಮನೆಯಲ್ಲಿ ಒರಳುಕಲ್ಲಿನ ಸದ್ದು ನಿಲ್ಲುತ್ತಿತ್ತು. ಯಂತ್ರ ಆರಿಸಿದ ಮೇಲೂ ಸ್ವಲ್ಪ ಹೊತ್ತು ಅದು ಶುರುವಾಗುತ್ತಿರಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ನನಗೆ ಜಡೆ ಹಾಕುವಾಗ ಅವಳು ತನಗೆ ತಾನೇ ಹೇಳಿಕೊಳ್ಳುವಂತೆ ಮಾತಾಡಿದಳು.

"ಹೋದ ವಾರಕ್ಕಿಂತ ನೆನ್ನೆ ಸಣ್ಣಗಿತ್ತು. ಮೊದಲು ಒಲೆ ಹತ್ತಿರ ಕೂತರೂ ಕೇಳೋದು. ಈಗ ಬಾಗಿಲಿಗೆ ಕಿವಿ ಕೊಡಬೇಕು. ದೂರ ಹೋಗ್ತಾ ಇದಾನೆ ಕಣೇ."

"ಯಾರಮ್ಮಾ?"

"ಯಾರು ಅಂತ ಕೇಳ್ತೀಯಲ್ಲ. ತಲೆ ಅಲ್ಲಾಡಿಸ್ಬೇಡ."

ಬಾಚಣಿಗೆ ನನ್ನ ನೆತ್ತಿಯ ಮೇಲೆ ಹಾಗೇ ನಿಂತಿತ್ತು. ಆವತ್ತಿನಿಂದ ನಾನೂ ಆ ಸದ್ದನ್ನು ಅವಳ ಕಿವಿಯಿಂದ ಕೇಳತೊಡಗಿದೆ. ಭಾನುವಾರ ಟ್ಯೂಬು ಹಿಡಿದು ನಿಂತಾಗ ಅದರ ಬೆಳಕು ಕುಗ್ಗುತ್ತಿದ್ದರೆ, ಉದ್ದವಾದ ದಾರಿಯ ಕೊನೆಯಲ್ಲಿ ಯಾರೋ ಕಂದೀಲು ಹಿಡಿದು ನಡೆದುಹೋಗುತ್ತಿರುವಂತೆ ಕಾಣುತ್ತಿತ್ತು. ಆ ನಡೆಯುವವರು ಹಿಂದಿರುಗಿ ನೋಡುತ್ತಿರಲಿಲ್ಲ. ಯಂತ್ರ ಆರಿಸಿದ ಮೇಲೂ, ಮೂಲೆಯಲ್ಲಿ ಒರಗಿಸಿಟ್ಟ ಆ ಟ್ಯೂಬಿನ ಕಡೆ ಬೆನ್ನು ಮಾಡಿ ಕೂರಲು ನನಗೆ ಆಗುತ್ತಿರಲಿಲ್ಲ.

ಆ ಭಾನುವಾರ ನಂಜಪ್ಪಮಾವ ತೋಟದ ನುಗ್ಗೇಕಾಯಿ ತಂದಿದ್ದ. ಅಮ್ಮ ಮುದ್ದೆ ಮಾಡಿ ನುಗ್ಗೇಕಾಯಿ ಸಾರು ಇಳಿಸಿದಳು. ಮಾವ ಖಾಲಿ ಜಾಗ ಬಿಟ್ಟು ನನ್ನ ಆಚೆ ಕೂತ. ಎರಡು ತುತ್ತು ನುಂಗಿ ಮಾತು ತೆಗೆದ.

"ಬಾವ, ಒಂದ್ ಮಾತ್ ಏಳ್ತೀನಿ, ಬೇಜಾರ್ ಮಾಡ್ಕೋಬ್ಯಾಡಿ. ಅದನ್ನ ಬಿಚ್ಚಾಕ್ಬಿಡಿ."

"ಯಾವುದನ್ನ?"

"ಅದೇ, ಮೂಲೇಲಿ ನಿಂತವ್ನಲ್ಲ, ತಲೆ ಮ್ಯಾಲೆ ಗುಂಡ್ ಮಡೀಕ್ಕೊಂಡು. ಅದ್ರ ಸದ್ ಕೇಳ್ಕೊಂಡ್ ಕೇಳ್ಕೊಂಡ್ ನಮ್ಮಕ್ಕ ಇಂಗಾಗವ್ಳೆ. ಸೀದರ ಓಗ್ತಾ ಅವ್ನಂತೆ, ಇವ್ಳು ಕಿವಿ ಕೊಟ್ಕೊಂಡ್ ಕಾಯ್ತಾವ್ಳಂತೆ. ಬೆಳಗ್ಗೆ ನನ್ನತ್ರ ಏಳುದ್ಲು."

ಅಪ್ಪ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಅಮ್ಮ ಸೌಟು ಹಿಡಿದು ಅಲ್ಲೇ ನಿಂತಿದ್ದಳು. ಈ ಮಾತು ಅಪ್ಪನಿಗೆ ಹೊಸದು. ಅವರು ತಟ್ಟೆಯಲ್ಲಿ ಮುದ್ದೆಯನ್ನು ಬೆರಳಿನಿಂದ ಸಮ ಮಾಡಿದರು.

"ಅವನದನ್ನ ನಾನೇ ಕೆಡಿಸಿದ್ದು ನಂಜಪ್ಪ. ಇವತ್ತೊಂದು ದಿನ ನೋಡ್ತೀನಿ. ಕತ್ತಲಾಗೋದ್ರೊಳಗೆ ಸರಿಹೋಗದಿದ್ರೆ ಬಿಚ್ಚಿಹಾಕ್ತೀನಿ. ನೀನೇ ಗುಜರಿಗೆ ತಗೊಂಡು ಹೋಗು."

"ಮುದ್ದೆ ಆರ್ತಾ ಇದೆ," ಅಂದಳು ಅಮ್ಮ. ಅಷ್ಟೇ ಅಂದದ್ದು. ಆದರೆ ನಾನು ತಟ್ಟೆ ತೊಳೆಯಲು ಒಳಗೆ ಹೋದಾಗ ಬೂದಿ ಉಜ್ಜುತ್ತಿದ್ದ ಕೈ ನಿಲ್ಲಿಸದೆ ನನ್ನನ್ನು ಕೇಳಿದಳು. "ಅದನ್ನ ಬಿಚ್ಚಿದ್ರೆ ಅವನಿಗೆ ಇಲ್ಲಿಗೆ ದಾರಿ ಯಾವುದು, ಸರೋಜ?"

ನಾನು ತಟ್ಟೆ ತೊಳೆದು ಅದರ ಜಾಗಕ್ಕಿಟ್ಟೆ. ಅಪ್ಪನಿಗೆ ಯಂತ್ರ ಸರಿಹೋಗಬೇಕಾಗಿತ್ತು, ತಾನು ಕೆಡಿಸಿಲ್ಲವೆಂದು ತಿಳಿಯುವುದಕ್ಕೆ. ಅಮ್ಮನಿಗೆ ಮಗನ ದಾರಿ ಉಳಿಯಬೇಕಾಗಿತ್ತು. ಇಬ್ಬರಿಗೂ ಒಂದೇ ಮಧ್ಯಾಹ್ನವಿತ್ತು.

ಮೂರಕ್ಕೆ ಕೆಲಸ ಶುರುವಾಯಿತು. ಅಪ್ಪನ ಪದ್ಧತಿ ಮೇಲಿನಿಂದ ಕೆಳಕ್ಕೆ. ಮೊದಲು ಹಿತ್ತಾಳೆ ಗುಂಡನ್ನು ಹುಣಸೆಹಣ್ಣಿನಲ್ಲಿ ಉಜ್ಜಿ, ಒರೆಸಿ, ಒಣಗಿಸಿ ಹಾಕಿದರು. ಹಚ್ಚಿ ನೋಡಿದರೆ ಎರಡು ಬೆರಳು. ಕೊಳವೆಯ ತಂತಿಯ ಮೇಲೆ ಎಲ್ಲಾದರೂ ವಾರ್ನಿಶ್ ಬಿರುಕು ಬಿಟ್ಟಿದೆಯೇ ಎಂದು ಉದ್ದಕ್ಕೂ ಬೆರಳಾಡಿಸಿದರು, ಇರಲಿಲ್ಲ. ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಕ್ಲಿಪ್ಪನ್ನು ಸರಿಸಿದರು. ಪ್ರತಿ ಸಲವೂ ನಾನು ಫ್ಯೂಸ್ ಕಿತ್ತು ಮುಷ್ಟಿಯಲ್ಲಿ ಹಿಡಿಯುವುದು, ಅವರ "ಹೂಂ"ಗೆ ಮತ್ತೆ ಹಾಕುವುದು. ಮಾವ ಹೊಸಲಿನ ಮೇಲೆ ಕಾಲು ಮೇಲೆತ್ತಿಕೊಂಡು ಕೂತಿದ್ದ. ಟ್ಯೂಬು ಹಿಡಿದುಕೋ ಎಂದು ಅಪ್ಪ ಕೇಳಿದ್ದಕ್ಕೆ ಎರಡು ಕೈಯನ್ನೂ ಬಗಲಿಗೆ ಸಿಕ್ಕಿಸಿಕೊಂಡ.

"ನಾ ಇಡ್ಕೊಳಲ್ಲಪ್ಪ. ಅವರೇ ತೋಟದಲ್ಲಿ ನಾಗರಾವ್ ಇಡಿದಿವ್ನಿ. ಇದಕ್ಕೆ ಬಾಯಿ ಎಲ್ಲೈತೆ, ಬಾಲ ಎಲ್ಲೈತೆ ಅಂತ್ಲೇ ಗೊತ್ತಾಗಕ್ಕಿಲ್ಲ."

"ಕಚ್ಚಲ್ಲ ಕಣೋ."

"ಕಚ್ಚಲ್ಲ ಅಂದ್ಮೇಲೆ ಮಗೂ ಕೈಲಿ ಫ್ಯೂಜ್ ಯಾಕ್ ಕೊಟ್ಟಿದೀರ?"

ಅಪ್ಪ ನಕ್ಕರು. ಆ ಮನೆಯಲ್ಲಿ ನಗು ಎಷ್ಟು ದಿನಗಳ ಮೇಲೆ ಬಂತೆಂದರೆ, ಒಳಗೆ ಅಮ್ಮ ಏನನ್ನೋ ಕೆಳಗಿಟ್ಟ ಸದ್ದು ಕೇಳಿಸಿತು. ಬಿಸಿಲು ಜಗಲಿಯಿಂದ ಬೀದಿಗೆ ಇಳಿದಿತ್ತು. ಮೇಲಿಂದ ಕೆಳಗೆ ನೋಡುತ್ತಾ ಬಂದು ಅಪ್ಪ ಕೊಳವೆಯ ಬುಡ ಮುಟ್ಟಿದ್ದರು. ಉಳಿದದ್ದು ಗೋಡೆಯೊಳಕ್ಕೆ ಹೋಗಿ ಕಣ್ಮರೆಯಾಗುವ ತಂತಿಯೊಂದೇ.

"ಓಣೀಲಿ ಈ ತಂತಿ ಪೈಪಿಗೆ ಗಟ್ಟಿಯಾಗಿ ಕೂತಿದೆಯಾ ನೋಡ್ಕೊಂಡು ಬಾ. ಫ್ಯೂಸ್ ಕೈಯಲ್ಲೇ ಇರಲಿ."

ಅಡುಗೆಮನೆಯಲ್ಲಿ ಅಮ್ಮ ಓಣಿಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ತಂತಿ ನೋಡಬೇಕು ಅಂದೆ. ಅವಳು ನನ್ನ ಮುಖ ನೋಡದೆ ಪಕ್ಕಕ್ಕೆ ಜರುಗಿದಳು. ಅಗುಳಿ ತುಕ್ಕು ಹಿಡಿದು ಬಿಗಿಯಾಗಿತ್ತು, ಎರಡು ಕೈ ಹಚ್ಚಿ ಎಳೆದೆ. ಓಣಿಯಲ್ಲಿ ತರಗೆಲೆ ಸೇರಿತ್ತು. ತುಳಸಿ ಕಡ್ಡಿಯಾಗಿ ನಿಂತಿತ್ತು, ಮುಟ್ಟಿದರೆ ಲಟ್ಟನೆ ಮುರಿಯುವಷ್ಟು. ಅಮ್ಮ ಕೊನೆಯ ದಿನ ಹಚ್ಚಿದ್ದ ಅರಿಶಿನ ಕಟ್ಟೆಯ ಅಂಚಿನಲ್ಲಿ ಬಿಳಿಚಿಕೊಂಡಿತ್ತು. ತಂತಿ ಗಟ್ಟಿಯಾಗಿಯೇ ಇತ್ತು. ಆದರೆ ಮಣ್ಣು ಬಿರಿದು ಪೈಪಿನ ಸುತ್ತ ಬಿಟ್ಟುಕೊಂಡಿತ್ತು. ನನ್ನ ಕಿರುಬೆರಳು ಆ ಸಂದಿಯಲ್ಲಿ ಇಳಿಯಿತು, ತಳ ಸಿಗಲಿಲ್ಲ. ಕಾರ್ತಿಕದ ಮೇಲೆ ಮಳೆಯಿಲ್ಲ, ಸೂರಿನ ಕೆಳಗೆ ಇಬ್ಬನಿಯೂ ಬೀಳುವುದಿಲ್ಲ. ಅಲ್ಲಿಗೆ ಬರುತ್ತಿದ್ದ ನೀರು ಅಮ್ಮನ ಚೊಂಬಿನದು ಮಾತ್ರ.

ವಾಪಸು ಬಂದು ಅಪ್ಪನ ಕಿವಿಯ ಹತ್ತಿರ ಹೇಳಿದೆ.

"ತಂತಿ ಸರಿಯಾಗಿದೆ. ಮಣ್ಣು ಒಣಗಿಹೋಗಿದೆ."

"ಎಷ್ಟು ಒಣಗಿದೆ?"

"ಪೈಪಿನ ಸುತ್ತ ಬೆರಳು ಹೋಗತ್ತೆ."

"ತುಳಸಿ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅಪ್ಪ ಕಣ್ಣು ಅರೆಮುಚ್ಚಿ ಯಂತ್ರದ ಬುಡವನ್ನೇ ನೋಡಿದರು. ಐದು ತಿಂಗಳ ಎರಡು ವಿಷಯ ಅವರಿಗೆ ಒಟ್ಟಿಗೆ ತಿಳಿದವು: ಮಿಂಚು ಯಾಕೆ ಕುಗ್ಗಿತು, ಹೆಂಡತಿ ಯಾಕೆ ದೇವರ ದೀಪ ಮುಟ್ಟುತ್ತಿಲ್ಲ. ಅವರು ಎದ್ದು ಬಚ್ಚಲಿಗೆ ಹೋಗಿ ಬಕೆಟ್ಟು ತುಂಬಿಕೊಂಡು ಅಡುಗೆಮನೆಯ ಮೂಲಕವೇ ಓಣಿಗೆ ನಡೆದರು. ನೀರು ಬಿದ್ದಾಗ ಮಣ್ಣು ಬಿಸಿ ಹೆಂಚಿನ ಹಾಗೆ ಸದ್ದು ಮಾಡಿತು, ಒಂದು ಹನಿಯೂ ಮೇಲೆ ನಿಲ್ಲಲಿಲ್ಲ. ಇನ್ನೊಂದು ಬಕೆಟ್ಟು, ಮತ್ತೊಂದು.

"ಸತ್ತುಹೋಗಿರೋದಕ್ಕೆ ಈಗ ಯಾಕೆ ನೀರು?" ಅಂದಳು ಅಮ್ಮ.

ಅಪ್ಪ ಮತ್ತೆ ಬಚ್ಚಲಿಗೆ ಹೋದರು. ಕಟ್ಟೆಯಲ್ಲಿ ನೀರು ನಿಲ್ಲುವವರೆಗೂ ಹೊತ್ತರು. ನಡುಮನೆಗೆ ಬಂದಾಗ ಅವರ ಪಂಚೆಯ ಅಂಚು ಕೆಸರಾಗಿತ್ತು.

"ಏನ್ ಬಾವ, ನೀರಿಗೂ ಮಿಂಚಿಗೂ ಏನ್ ನೆಂಟಸ್ತಿಕೆ?" ಮಾವ ಕೇಳಿದ.

"ಇದಕ್ಕೆ ಕಾಲೂರಕ್ಕೆ ನೆಲ ಬೇಕು. ಒಣ ಮಣ್ಣಲ್ಲಿ ಇದರ ಕಾಲು ನಿಲ್ಲಲ್ಲ. ಸರೋಜ, ಫ್ಯೂಸ್ ಹಾಕು."

ಹಾಕಿದೆ. ಅಪ್ಪ ಸ್ವಿಚ್ಚು ಒತ್ತಿದರು. ಐದು ತಿಂಗಳು ಮಾಡಿದ್ದ ಕೆಲಸವೆಲ್ಲ, ಹೊಸ ಸುತ್ತು, ಎರಡು ಪದರ ಅರಗು, ನೇರ ಮಾಡಿದ ಬೋಲ್ಟು, ಎಲ್ಲ ಒಟ್ಟಿಗೆ ಫಲ ಕೊಟ್ಟಿತು. ಗುಂಡಿನಿಂದ ಎದ್ದ ಮಿಂಚು ಗೇಣು ದಾಟಿತು, ಒಂದೂವರೆ ಗೇಣಾಯಿತು, ಗೋಡೆಯ ಸುಣ್ಣದ ಕಡೆ ನಾಲಿಗೆ ಚಾಚಿತು. ನನ್ನ ಕೈಯ ಟ್ಯೂಬು ಅಂಗಡಿಯ ದೀಪದಂತೆ ಉರಿಯಿತು. ಸದ್ದು ಹಳೆಯದಾಗಿರಲಿಲ್ಲ, ಹೊಸ ಸೀರೆಯನ್ನು ಉದ್ದಕ್ಕೆ ಹರಿದಂತೆ, ಎಡೆಬಿಡದೆ. ಪಕ್ಕದ ಮನೆಯ ರೇಡಿಯೋ ಗೊರಗೊರ ಅನ್ನುತ್ತಿದ್ದದ್ದು ಗೋಡೆಯಾಚೆ ಕೇಳಿಸಿತು. ಮಾವ ಹೊಸಲಿನಿಂದ ಬೀದಿಗೆ ಹಾರಿದ್ದ. ಅಪ್ಪನ ಮುಖದಲ್ಲಿ ಆ ನೇರಳೆ ಬೆಳಕು ಆಡುತ್ತಿತ್ತು.

ಆಗ ಅಡುಗೆಮನೆಯ ಬಾಗಿಲು ಪೂರ್ತಿ ತೆರೆಯಿತು. ಅಮ್ಮ ನಿಂತಿದ್ದಳು. ಯಂತ್ರ ಮಿಂಚುವಾಗ ಅವಳು ಅದನ್ನು ಕಣ್ಣಲ್ಲಿ ನೋಡಿದ್ದು ಅದೇ ಮೊದಲು.

"ಆರಿಸಿ."

ಅಪ್ಪ ಆರಿಸಿದರು. ನಾನು ಫ್ಯೂಸ್ ಕಿತ್ತೆ. ಕತ್ತಲೆ ಮೂಲೆಗಳಿಗೆ ವಾಪಸು ಬಂತು.

"ಇದು ಅವನಲ್ಲ," ಅಂದಳು ಅಮ್ಮ. "ಯಾರು ಬಂದದ್ದು?"

ನನ್ನ ತೋಳಿನ ಕೂದಲು ನಿಮಿರಿದ್ದು ಯಂತ್ರದಿಂದಲೋ ಆ ಮಾತಿನಿಂದಲೋ ಈಗಲೂ ಹೇಳಲಾರೆ. ಅಪ್ಪ ಅವಳ ಹತ್ತಿರ ಹೋಗಲಿಲ್ಲ, ಇದ್ದಲ್ಲೇ ಇದ್ದರು.

"ಯಾರೂ ಬಂದಿಲ್ಲ ಕಣೆ. ಕಟ್ಟೆ ಒಣಗಿತ್ತು, ನೀರು ಹಾಕಿದೆ. ನೆಲ ಹಸಿಯಾಯ್ತು, ಮಿಂಚು ಉದ್ದ ಆಯ್ತು. ಅಷ್ಟೇ."

"ಹಾಗಾದ್ರೆ ಇಷ್ಟು ದಿನ ಸಣ್ಣಗಾಗ್ತಾ ಬಂದಿದ್ದು?"

"ನೆಲ ಒಣಗ್ತಾ ಬಂತು."

"ಅವನು ದೂರ ಹೋಗ್ತಾ ಇರ್ಲಿಲ್ವಾ?"

"ಇಲ್ಲ. ಅವನು ಹೋಗಿದ್ದು ಹೋದ ದಿನಾನೇ."

"ಬಾವ," ಅಂದ ಮಾವ ಬೀದಿಯಿಂದ, ತಡೆಯುವವನ ಹಾಗೆ. ಅಪ್ಪ ಕೈಯೆತ್ತಿ ಅವನನ್ನು ಸುಮ್ಮನಿರಿಸಿದರು. ನಾನು ಮುಂದೆ ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸಾಗಿ ಇಡೀ ಆಯಸ್ಸು ಕಳೆದೆ. ಬಾಗಿಲ ಹೊರಗೆ ನಿಂತವರಿಗೆ ನಿಮ್ಮವರು ಹೋದರು ಎಂದು ಹೇಳಬೇಕಾಗಿ ಬಂದಾಗಲೆಲ್ಲ ಅಪ್ಪನ ಆವತ್ತಿನ ದನಿ ಹುಡುಕಿಕೊಂಡಿದ್ದೇನೆ. ಜೋರಾಗಿ ಅಲ್ಲ, ಮೆಲ್ಲಗೂ ಅಲ್ಲ. ಅಳತೆ ಓದಿ ಹೇಳುವವರ ದನಿ. ಕೆಲವರು ಅದಕ್ಕೆ ನನ್ನನ್ನು ಕಲ್ಲು ಅಂದರು.

ಅಮ್ಮ ಅಳಲಿಲ್ಲ. ಗೂಡ್ಸ್ ರೈಲೊಂದು ಉದ್ದಕ್ಕೆ ಹಾದುಹೋಗುವವರೆಗೂ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. ಅದರ ಕೊನೆಯ ಡಬ್ಬಿಯ ಸದ್ದು ಹೋದ ಮೇಲೆ ಮಾತಾಡಿದಳು.

"ಹೇಳ್ತಿದ್ದ. ಇನ್ನೊಂದು ಚೊಂಬು ಹಾಕಮ್ಮ ಅಂತ, ದಿನಾ. ಗಿಡದ ಮೇಲೆ ಪ್ರೀತಿ ಅಂದ್ಕೊಂಡಿದ್ದೆ. ನಾನೇ ಒಣಗಿಸಿದೆ ಹಾಗಾದ್ರೆ."

"ನಿನಗೆ ಗೊತ್ತಿರ್ಲಿಲ್ಲ. ನಾನು ನೋಡ್ಲಿಲ್ಲ."

"ಈಗ ಇದು ಅವನ ಕಾಲಕ್ಕಿಂತ ಜಾಸ್ತಿ ಆಗಿದೆಯಾ?"

"ಒಂದೂವರೆ ಗೇಣು," ಅಂದರು ಅಪ್ಪ. ಆ ದನಿಯಲ್ಲಿ ಹೆಮ್ಮೆ ಇತ್ತು, ಕಾರ್ಖಾನೆಯಿಂದ ಕೆಲಸ ಮೆಚ್ಚಿಸಿಕೊಂಡು ಬಂದ ದಿನದ ದನಿ. ಐದು ತಿಂಗಳ ಮೇಲೆ ಅವರ ಬೆನ್ನು ನೆಟ್ಟಗಾಗಿತ್ತು.

"ನನಗೆ ಅಷ್ಟು ಬೇಡ. ಅವನು ಎಷ್ಟು ಮಾಡಿದ್ದನೋ ಅಷ್ಟೇ ಇರಲಿ. ಮತ್ತೆ ಅವನದರ ಹಾಗೆ ಮಾಡಿಕೊಡಿ."

ಮಾವ ಹೊಸಲು ದಾಟಿ ಒಳಗೆ ಬಂದ. "ಅಲ್ಲಕ್ಕ, ಬಾವ ಬೆನ್ ಮುರ್ಕೊಂಡ್ ಉದ್ದ ಮಾಡವ್ರೆ, ನೀನು ಮೊಟಕ್ ಮಾಡು ಅಂತೀಯ. ಇದೊಳ್ಳೆ ಕತೆ ಆಯ್ತಲ್ಲ."

"ನೀನು ಸುಮ್ನಿರೋ ನಂಜ."

ಅಪ್ಪ ಯಂತ್ರವನ್ನು ನೋಡಿದರು, ಅಮ್ಮನನ್ನು ನೋಡಿದರು. ಕೈಗಳನ್ನು ಪಂಚೆಗೆ ಒರೆಸಿಕೊಂಡರು. ಒಳ್ಳೆಯ ಕೆಲಸವನ್ನು ಬೇಕೆಂದೇ ಕೆಡಿಸುವುದು ಆ ಮನುಷ್ಯನಿಗೆ ಎಷ್ಟು ಕಷ್ಟವೆಂದು ನನಗೆ ಗೊತ್ತಿತ್ತು. ಸೊಟ್ಟಗೆ ಬರೆದ ಒಂದು ಗೆರೆಗೆ ಅವರು ಪುಟವನ್ನೇ ಮತ್ತೆ ಬರೆಸುತ್ತಿದ್ದರು. ಕೊನೆಗೆ ಕೆಳಗೆ ಕೂತರು.

"ನೀನು ಇಲ್ಲಿ ನಿಂತು ಕೇಳಿದ್ರೆ ಗೊತ್ತಾಗಲ್ಲ."

"ಹೂಂ. ನಾನು ಒಳಗಿಂದಲೇ ಕೇಳಿದ್ದು," ಅಂದಳು ಅಮ್ಮ. ಅವಳು ಅಡುಗೆಮನೆಗೆ ಹೋಗಿ, ಬಾಗಿಲನ್ನು ಎಂದಿನಂತೆ ಅರ್ಧ ಮುಂದಕ್ಕೆಳೆದುಕೊಂಡು, ಒರಳುಕಲ್ಲಿನ ಮುಂದೆ ಕೂತಳು.

ಅಪ್ಪ ಕ್ಲಿಪ್ಪನ್ನು ಒಂದು ಸುತ್ತು ಕೆಳಕ್ಕಿಳಿಸಿದರು. ನಾನು ಫ್ಯೂಸ್ ಹಾಕಿದೆ. ಮಿಂಚು ಎದ್ದಿತು.

"ಇಲ್ಲ," ಒಳಗಿನಿಂದ.

ಇನ್ನರ್ಧ ಸುತ್ತು.

"ಇಲ್ಲ. ಅವನದು ಇಷ್ಟು ನಯ ಇರ್ಲಿಲ್ಲ."

ಬೋಲ್ಟುಗಳನ್ನು ಒಂದಿಷ್ಟು ಹತ್ತಿರ ತಂದರು. ಈಗ ಉದ್ದ ಸರಿಸುಮಾರು ಗೇಣು. ನಮ್ಮ ಕಣ್ಣಿಗೆ ಅದು ಅಣ್ಣನದೇ. ಮಾವ ಕೂಡ ತಲೆದೂಗಿದ.

"ಹತ್ತಿರ ಬಂತು," ಅಂದಳು ಅಮ್ಮ. "ಆದ್ರೆ ಅವನದು ಮಧ್ಯೆ ಮಧ್ಯೆ ಒಂಚೂರು ತಡವರಿಸ್ತಿತ್ತು. ಓದುವಾಗ ಅವನು ತಡವರಿಸ್ತಿದ್ನಲ್ಲ, ಹಂಗೆ."

ಅಪ್ಪ ಬೋಲ್ಟನ್ನೇ ನೋಡುತ್ತಾ ಕೂತರು. ಅಣ್ಣ ಹಾಕಿದ್ದಾಗ ಅದರಲ್ಲೊಂದು ಸೊಟ್ಟಗಿತ್ತು. ಹುಡುಗನ ಕೈಯಲ್ಲಿ ತೂತು ಓರೆಯಾಗಿ ಬಿದ್ದಿತ್ತು, ಕಿಡಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾರಿ ಜಾರಿ ಹಾರುತ್ತಿತ್ತು. ಅಪ್ಪ ತಿದ್ದಿದ ತಪ್ಪುಗಳಲ್ಲಿ ಅದೂ ಒಂದು. ಅವರು ಬೋಲ್ಟಿನ ಬುಡದ ನಟ್ಟನ್ನು ಸಡಿಲಿಸಿ, ಒಂದು ಪಕ್ಕಕ್ಕೆ ಮಡಿಸಿದ ರಟ್ಟಿನ ಚೂರು ತುರುಕಿ, ಬೋಲ್ಟು ಓರೆಯಾಗಿ ಕೂರುವಂತೆ ಮಾಡಿ ಬಿಗಿದರು. ಸಾಕಷ್ಟು ಓರೆಯಾಯಿತೇ ಎಂದು ಎರಡು ಸಲ ಬಗ್ಗಿ ನೋಡಿದರು. 

"ಹೂಂ," ಅಂದರು ನನಗೆ.

ಮಿಂಚು ಎದ್ದಿತು, ತಡವರಿಸಿತು, ಮತ್ತೆ ಎದ್ದಿತು. ಒಳಗಿನಿಂದ ಮಾತು ಬರಲಿಲ್ಲ. ಅಪ್ಪ ಆರಿಸಲಿಲ್ಲ. ಬಾಟಲಿಗಳು ಬೆಚ್ಚಗಾಗುವಷ್ಟು ಹೊತ್ತು ಅದನ್ನು ಹಾಗೇ ಬಿಟ್ಟರು. ಯಾರೂ ಇಲ್ಲವೆಂದು ಈಗ ತಾನೇ ಬಾಯಿಬಿಟ್ಟು ಹೇಳಿದವರು ಬಾಗಿಲ ಕಡೆ ತಿರುಗಿ ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ.

"ಹಾಂ," ಅಂದಳು ಅಮ್ಮ. "ಇದು."

ಕತ್ತಲಾಗುವ ಮುಂಚೆ ಹೊರಡಬೇಕೆಂದು ಮಾವ ಸೈಕಲ್ ಇಳಿಸಿಕೊಂಡ. ಗುಜರಿಗೆ ಒಯ್ಯಲೆಂದು ತೆಗೆದಿಟ್ಟಿದ್ದ ಗೋಣಿಚೀಲವನ್ನು ಮಡಿಸಿ ಕ್ಯಾರಿಯರಿಗೆ ಸಿಕ್ಕಿಸಿ, "ಬತ್ತೀನಿ ಬಾವ, ನೀವಿಬ್ರೂ ಒಂದೇ," ಅಂದು ಹೋದ. ಅಪ್ಪ ಅಮ್ಮನನ್ನು ಕರೆದು ಇದ್ದಿಲ ಒಲೆ ಹಚ್ಚಿಕೊಡು, ಬೆಸುಗೆ ಹಾಕಬೇಕು ಅಂದರು. ಕ್ಲಿಪ್ಪು ಬಿಚ್ಚುವಂತಿದ್ದರೆ ಮುಂದಿನ ಭಾನುವಾರ ತಮ್ಮ ಕೈ ಸುಮ್ಮನಿರುವುದಿಲ್ಲ ಎಂದು ಕಾರಣವನ್ನೂ ಹೇಳಿದರು. ಅಮ್ಮ ಒಲೆಯನ್ನು ನಡುಮನೆಗೇ ತಂದು ಯಂತ್ರದ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸಿದಳು. ಬೆಸುಗೆಯ ಕಡ್ಡಿ ಕೆಂಡದಲ್ಲಿ ಕಾಯುತ್ತಿತ್ತು.

"ನೀರು ನಾಳೆಯಿಂದ ನಾನೇ ಹಾಕ್ತೀನಿ," ಅಂದಳು. "ಪೂಜೆ ಅಂತ ಅಂದ್ಕೋಬೇಡಿ."

"ಅಂದ್ಕೊಳಲ್ಲ."

"ಬೇರೆ ಗಿಡಾನೂ ತರಬೇಡಿ."

"ತರಲ್ಲ."

ಕಡ್ಡಿಯ ತುದಿ ಕಾದು ಬಣ್ಣ ಬಂತು. ಅಪ್ಪ ಕ್ಲಿಪ್ಪನ್ನು ಇಕ್ಕಳದಲ್ಲಿ ಹಿಡಿದರು, ಅಮ್ಮ ಅವರು ಹೇಳಿದಲ್ಲಿಗೆ ತವರದ ತಂತಿ ಒಡ್ಡಿದಳು. ತವರ ಕರಗಿ, ಹೊಳೆದು, ತಾಮ್ರದ ಸುತ್ತು ಬಳಸಿಕೊಂಡು ಮಸುಕಾಯಿತು. ಅದು ಆರುವವರೆಗೆ ಇಬ್ಬರೂ ಅಲ್ಲಾಡದೆ ಹಿಡಿದಿದ್ದರು. ಆಮೇಲೆ ಅಪ್ಪ ಅದನ್ನು ಎರಡು ಕಡೆಗೂ ಎಳೆದು ನೋಡಿದರು. ಅಮ್ಮನಿಗೂ ಎಳೆದು ನೋಡು ಅಂದರು. ಅವಳು ಎಳೆದಳು. ಬೆಸುಗೆ ಹಿಡಿದಿತ್ತು.